ಕೊನೆಯ ಸೆಮಿಸ್ಟರ್‌ವರೆಗೆ ಕಾಯಬೇಡಿ

ಕೇಳುಗರಿಗೆ ನಮಸ್ಕಾರ.

ಡಿಗ್ರಿ ಓದುತ್ತಿರುವ ಮಕ್ಕಳು, ಅವರ ಅಪ್ಪ ಅಮ್ಮ ಯಾರಾದರೂ ಕೇಳುತ್ತಿದ್ದರೆ ಸ್ವಲ್ಪ ಇತ್ತ ಕಿವಿ ಕೊಡಿ. ನಾನು ಮೈಸೂರು ಕಡೆಯ ಒಂದು ಪದವಿ ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುವವನು. ಮಕ್ಕಳಿಗೆ ಉದ್ಯೋಗ ಸಿಗಲು ನೆರವಾಗುವ ಪ್ಲೇಸ್‌ಮೆಂಟ್ ಸೆಲ್ ಕೆಲಸವೂ ನನ್ನ ತಲೆಗೇ ಬಿದ್ದಿದೆ. ಸೆಲ್ ಅಂದರೆ ಏನೋ ದೊಡ್ಡ ಆಫೀಸು ಅಂದುಕೊಳ್ಳಬೇಡಿ. ಲೈಬ್ರರಿ ಪಕ್ಕದ ಒಂದು ರೂಮು, ಒಂದು ಕಂಪ್ಯೂಟರು, ಒಂದು ನೋಟಿಸ್ ಬೋರ್ಡು, ಅಷ್ಟೇ. ಕೊನೆಯ ಸೆಮಿಸ್ಟರ್ ಬರುವವರೆಗೂ ಅಲ್ಲಿಗೆ ಯಾರೂ ತಲೆ ಹಾಕುವುದಿಲ್ಲ, ಆಮೇಲೆ ಒಂದು ದಿನ ಎಲ್ಲರೂ ಒಟ್ಟಿಗೆ ನುಗ್ಗುತ್ತಾರೆ: "ಸಾರ್, ನಾಳೆ ಕಂಪನಿಯವರು ಬರ್ತಾರಂತೆ, ರೆಸ್ಯೂಮೆ ಒಂದ್ಸಲ ನೋಡಿಬಿಡಿ!"

ನೋಡಿದರೆ ಏನಿರುತ್ತೆ ಹೇಳಿ? ಎಲ್ಲರದ್ದೂ ಒಂದೇ. ಸೀನಿಯರ್ ಕೊಟ್ಟ ಫೈಲಿನಲ್ಲಿ ಹೆಸರು ಮಾತ್ರ ಬದಲಾಗಿರುತ್ತದೆ. ಕೆಲವೊಮ್ಮೆ ಆ ಸೀನಿಯರ್‌ನ ಫೋನ್ ನಂಬರ್ ಕೂಡ ಹಾಗೇ ಉಳಿದುಬಿಟ್ಟಿರುತ್ತೆ.

ಒಬ್ಬ ಹುಡುಗನನ್ನು ಕೇಳಿದೆ, ರಜೆಯಲ್ಲಿ ಏನಪ್ಪಾ ಮಾಡ್ತೀಯ ಅಂತ. "ಏನಿಲ್ಲ ಸಾರ್, ಸುಮ್ನೆ ಚಿಕ್ಕಪ್ಪನ ಹಾರ್ಡ್‌ವೇರ್ ಅಂಗಡೀಲಿ ಕೂರ್ತೀನಿ." ಸುಮ್ನೆ ಅಂದರೆ? ಕೆದಕಿದ ಮೇಲೆ ಒಂದೊಂದೇ ಹೊರಗೆ ಬಂತು. ಟ್ಯಾಲಿ ಅನ್ನೋ ಲೆಕ್ಕಪತ್ರದ ಸಾಫ್ಟ್‌ವೇರ್‌ನಲ್ಲಿ ಬಿಲ್ ಹಾಕುತ್ತಾನೆ, ಪೈಪು, ನಲ್ಲಿ ಎಷ್ಟು ಉಳಿದಿದೆ ಅಂತ ಸ್ಟಾಕ್ ಬರೆದಿಡುತ್ತಾನೆ, ಉದ್ರಿ ತೆಗೆದುಕೊಂಡು ಹೋದ ಮೇಸ್ತ್ರಿಗಳಿಗೆ ಫೋನ್ ಮಾಡಿ, ಜಗಳ ಆಡದೆ, ದುಡ್ಡು ವಸೂಲಿ ಮಾಡುತ್ತಾನೆ. ಒಬ್ಬ ಬಿಕಾಂ ಹುಡುಗನಿಗೆ ಇದಕ್ಕಿಂತ ಒಳ್ಳೆ ಅನುಭವ ಇನ್ನೇನು ಬೇಕು? ರೆಸ್ಯೂಮೆಯಲ್ಲಿ ಇದರದ್ದು ಒಂದಕ್ಷರವೂ ಇರಲಿಲ್ಲ.

ನನ್ನ ಪ್ರಕಾರ ಸೆಲ್ ಮಾಡಬೇಕಾದ ಮುಖ್ಯ ಕೆಲಸ ಇದೇ. ಮಕ್ಕಳಿಗೆ ಬರುವುದನ್ನು ಅವರ ಬಾಯಿಂದಲೇ ಹೇಳಿಸುವುದು. ಅಣಕು ಸಂದರ್ಶನವನ್ನೂ ನಾನು ಮೊದಲು ಕನ್ನಡದಲ್ಲೇ ಮಾಡಿಸುತ್ತೇನೆ. ಇಂಗ್ಲಿಷ್ ಬೇಡ ಅಂತಲ್ಲ, ಬೇಕೇ ಬೇಕು. ಆದರೆ ಹೇಳೋಕೆ ವಿಷಯ ಗಟ್ಟಿಯಾದ ಮೇಲೆ ಭಾಷೆ ಹಿಂದೆ ಬರುತ್ತದೆ. ಸಾಫ್ಟ್ ಸ್ಕಿಲ್ ಹೆಸರಲ್ಲಿ ಒಂದು ದಿನದ ಕಾರ್ಯಾಗಾರ ಮಾಡಿ ಎಲ್ಲರಿಗೂ ಸರ್ಟಿಫಿಕೇಟ್ ಹಂಚುತ್ತಾರಲ್ಲ, ಅದರಿಂದ ಫೋಟೋ ಚೆನ್ನಾಗಿ ಬರುತ್ತೆ, ಅಷ್ಟೇ.

ಕಾಲೇಜಿನ ಆಚೆಗೂ ಸಹಾಯ ಇದೆ. ಮಾನಸಗಂಗೋತ್ರಿಯಲ್ಲಿ ಮೈಸೂರು ವಿಶ್ವವಿದ್ಯಾನಿಲಯದ್ದೇ ಉದ್ಯೋಗ ಮಾಹಿತಿ ಮತ್ತು ಮಾರ್ಗದರ್ಶನ ಕೇಂದ್ರ ಇದೆ. ಕೇಂದ್ರ ಸರ್ಕಾರದ ಆನ್‌ಲೈನ್ ಪಾಠಗಳ ಸ್ವಯಂ ಪೋರ್ಟಲ್‌ನಲ್ಲಿ ಪಾಠ ಕೇಳೋಕೆ ದುಡ್ಡು ಕೊಡಬೇಕಿಲ್ಲ, ಪರೀಕ್ಷೆ ಬರೆದು ಸರ್ಟಿಫಿಕೇಟ್ ಬೇಕು ಅಂದರೆ ಮಾತ್ರ ಶುಲ್ಕ.

ಜಾಸ್ತಿ ಜನಕ್ಕೆ ಗೊತ್ತಿಲ್ಲದ್ದು ಅಪ್ರೆಂಟಿಸ್‌ಶಿಪ್, ಅಂದರೆ ಕಂಪನಿಯಲ್ಲೇ ಇದ್ದು ಕೆಲಸ ಕಲಿಯುವ ತರಬೇತಿ. ಅದು ಐಟಿಐ, ಇಂಜಿನಿಯರಿಂಗ್ ಮಕ್ಕಳಿಗೆ ಮಾತ್ರ ಅಂದುಕೊಂಡಿದ್ದಾರೆ. ಮೊದಲು ಹೆಚ್ಚುಕಡಿಮೆ ಹಾಗೇ ಇತ್ತು ಕೂಡ. ಅಪ್ರೆಂಟಿಸ್ ಕಾಯ್ದೆ 1961ರದ್ದು, ಆದರೆ 2014ರ ತಿದ್ದುಪಡಿ ಆದ ಮೇಲೆ ಬಿಎ, ಬಿಕಾಂ, ಬಿಎಸ್ಸಿ ಮಾಡಿದವರಿಗೂ ಬಾಗಿಲು ತೆರೆದಿದೆ. ಇದಕ್ಕೆಂದೇ ಕೇಂದ್ರ ಸರ್ಕಾರ ನಡೆಸುವ ನ್ಯಾಟ್ಸ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿಕೊಂಡು, ಆಯ್ಕೆಯಾದರೆ ಕಂಪನಿಯಲ್ಲಿ ಕೆಲಸ ಕಲಿಯಬಹುದು, ತಿಂಗಳು ತಿಂಗಳು ಸ್ಟೈಪೆಂಡ್ ಬರುತ್ತದೆ. ಸರ್ಕಾರ ನಿಗದಿ ಮಾಡಿದ ಕನಿಷ್ಠ ಸ್ಟೈಪೆಂಡಿನಲ್ಲಿ ಅರ್ಧವನ್ನು ಕೇಂದ್ರ ಸರ್ಕಾರವೇ ಭರಿಸುವುದರಿಂದ ಕಂಪನಿಗೂ ಹೊರೆ ಕಡಿಮೆ. "ಪರ್ಮನೆಂಟ್ ಅಲ್ವಲ್ಲ ಸಾರ್" ಅಂತ ಅಪ್ಪಂದಿರು ಮುಖ ಸಣ್ಣಗೆ ಮಾಡುತ್ತಾರೆ. ಅಲ್ಲ, ನಿಜ. ಆದರೆ ಮುಂದಿನ ಇಂಟರ್‌ವ್ಯೂನಲ್ಲಿ ಅನುಭವ ಇದೆಯಾ ಅಂತ ಕೇಳಿದಾಗ ನಿಮ್ಮ ಮಗಳು ನೆಲ ನೋಡಬೇಕಾಗಿಲ್ಲ ಅಲ್ವಾ?

ಈಗ ಮೊದಲ ವರ್ಷದಲ್ಲಿರುವವರು ಒಂದು ಸಣ್ಣ ಕೆಲಸ ಮಾಡಿ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು, ಆಧಾರ್, ಬ್ಯಾಂಕ್ ಪಾಸ್‌ಬುಕ್ಕು ಮೂರನ್ನೂ ಪಕ್ಕಪಕ್ಕ ಇಟ್ಟುಕೊಂಡು ಹೆಸರು, ಇನಿಶಿಯಲ್ ಒಂದೇ ಥರ ಇದೆಯಾ ನೋಡಿ. ಒಂದರಲ್ಲಿ ಇನಿಶಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ, ಮತ್ತೊಂದರಲ್ಲಿ ಅಪ್ಪನ ಪೂರ್ತಿ ಹೆಸರು ಇದ್ದರೆ ಅರ್ಜಿ ಹಾಕುವ ಹೊತ್ತಿಗೆ ಓಡಾಟ ಶುರುವಾಗುತ್ತದೆ. ಈಗಲೇ ಸರಿ ಮಾಡಿಸಿಕೊಂಡು, ನಿಮ್ಮ ಕಾಲೇಜಿನ ಸೆಲ್ ಯಾವ ರೂಮಿನಲ್ಲಿದೆ ಅಂತ ಹುಡುಕಿ.

ನಮಸ್ಕಾರ.