ಸ್ಯಾಕ್ಸೋಫೋನಿನ ಹಿಂದಿರುವ ದನಿ

ಕೇಳುಗರಿಗೆಲ್ಲ ನಮಸ್ಕಾರ.

‘ಸಿಟಿ ಟು ಸಿಟಿ’ ಅನ್ನುವ ಎಲ್‌ಪಿ ರೆಕಾರ್ಡಿನ ಮೇಲೆ ಮುಳ್ಳು ಇಟ್ಟರೆ ಮೊದಲು ಕೇಳುವುದು ಸ್ಯಾಕ್ಸೋಫೋನಿನಿಂದ ಹೆಸರಾದ ‘ಬೇಕರ್ ಸ್ಟ್ರೀಟ್’ ಹಾಡಲ್ಲ. ಅದು ಎರಡನೆಯ ಹಾಡು. ಮೊದಲನೆಯದು ‘ದಿ ಆರ್ಕ್’. ಅದರಲ್ಲಿ ಪಿಟೀಲು ಇದೆ. ಸ್ಕಾಟ್ಲೆಂಡಿನ ಹಳೆಯ ಜನಪದ ಹಾಡುಗಳ ನಡೆ ಇದೆ. ಕತ್ತಲಾಗಿದೆ, ನೀರಿನ ದಡಕ್ಕೆ ಹೋಗೋಣ, ಹಡಗು ಹತ್ತಿ ಹೊರಡೋಣ ಎಂದು ಕರೆಯುವ ಹಾಡು ಅದು.

ಬಹಳ ಜನ ಆ ಹಾಡನ್ನು ದಾಟಿ ನೇರವಾಗಿ ಎರಡನೆಯದಕ್ಕೆ ಹೋಗುತ್ತಾರೆ. ನಾನೂ ಎಷ್ಟೋ ವರ್ಷ ಹಾಗೇ ಮಾಡಿದೆ. ಇವತ್ತು ನಾನು ಮಾತಾಡಲು ಬಂದಿರುವುದು ಹಾಗೆ ದಾಟಿಹೋದ ಹಾಡುಗಳ ಬಗ್ಗೆ. ಅವನ್ನು ಬರೆದು ಹಾಡಿದ ಸ್ಕಾಟ್ಲೆಂಡಿನ ಗಾಯಕ ಗೆರ್ರಿ ರಾಫರ್ಟಿಯ ಬಗ್ಗೆ.

ಬೇಕರ್ ಸ್ಟ್ರೀಟ್ ಹಾಡನ್ನು ನಾನು ಮೊದಲು ಕೇಳಿದ್ದು ಗೆಳೆಯನ ಮನೆಯ ಟೇಪ್ ರೆಕಾರ್ಡರಿನಲ್ಲಿ. ಖಾಲಿ ಕ್ಯಾಸೆಟ್‌ಗೆ ಯಾರೋ ತುಂಬಿಸಿಕೊಟ್ಟಿದ್ದರು. ಮೇಲೆ ಹೆಸರು ಬರೆದಿರಲಿಲ್ಲ. ಆ ಸ್ಯಾಕ್ಸೋಫೋನ್ ಬಂದ ಕೂಡಲೇ ಮಾತಾಡುತ್ತಿದ್ದವರೆಲ್ಲ ಸುಮ್ಮನಾದೆವು. ಅದು ಮುಗಿದು ಹಾಡುವ ದನಿ ಶುರುವಾದಾಗ ಮತ್ತೆ ಮಾತಿಗಿಳಿದೆವು. ಈಗ ಯೋಚಿಸಿದರೆ ಬೇಜಾರಾಗುತ್ತದೆ. ಆ ದನಿಯ ಮೇಲೆಯೇ ನಾವು ಮಾತಾಡುತ್ತಾ ಕೂತಿದ್ದೆವು.

ರಾಫರ್ಟಿ ಹುಟ್ಟಿದ್ದು 1947ರ ಏಪ್ರಿಲ್ 16ರಂದು, ಗ್ಲಾಸ್ಗೋ ಪಕ್ಕದ ಪೇಸ್ಲಿಯಲ್ಲಿ. ನೇಕಾರರ ಊರು ಅದು. ನಮ್ಮ ಸೀರೆಯಂಚಿನಲ್ಲಿ ಮಾವಿನಕಾಯಿ ಚಿತ್ತಾರ ಇರುತ್ತದೆ ಅಲ್ವಾ, ಇಂಗ್ಲಿಷಿನಲ್ಲಿ ಅದಕ್ಕೆ ಈ ಊರಿನದೇ ಹೆಸರು. ಕಾಶ್ಮೀರದ ಶಾಲುಗಳು ಯುರೋಪಿಗೆ ಹೋದವು. ಅವನ್ನು ನೋಡಿ ಪೇಸ್ಲಿಯ ಮಗ್ಗಗಳಲ್ಲಿ ಅಂಥವೇ ಶಾಲು ನೇಯ್ದರು. ಚಿತ್ತಾರಕ್ಕೆ ಊರ ಹೆಸರು ಅಂಟಿಕೊಂಡಿತು.

ಗೆರ್ರಿಯ ಬಾಲ್ಯ ಸುಖದ್ದಲ್ಲ. ಅಪ್ಪ ಐರ್ಲೆಂಡಿನಲ್ಲಿ ಹುಟ್ಟಿದವನು. ಗಣಿಯಲ್ಲಿ ದುಡಿದ, ಲಾರಿ ಓಡಿಸಿದ. ಕುಡಿತ ಜಾಸ್ತಿ ಇತ್ತು. ಶನಿವಾರ ರಾತ್ರಿ ಅಪ್ಪ ಕುಡಿದು ಮನೆಗೆ ಬರುವ ಹೊತ್ತಿಗೆ ಅಮ್ಮ ಮಗನ ಕೈ ಹಿಡಿದುಕೊಂಡು ಹೊರಗೆ ಹೊರಟುಬಿಡುತ್ತಿದ್ದಳು. ಮಳೆಯೋ ಚಳಿಯೋ, ಬೀದಿ ಬೀದಿ ಸುತ್ತುವುದು. ಅವನು ಮಲಗಿದ ಮೇಲೆ ಮನೆ ಸೇರುವುದು. ಮಗನಿಗೆ ಐರಿಷ್, ಸ್ಕಾಟಿಷ್ ಜನಪದ ಹಾಡುಗಳನ್ನು ಕಲಿಸಿದವಳೂ ಇದೇ ಅಮ್ಮ. ಹೆಸರು ಮೇರಿ ಸ್ಕೆಫಿಂಗ್ಟನ್. ಮದುವೆಗೆ ಮುಂಚಿನ ಹೆಸರು ಅದು. ಮಗ ದೊಡ್ಡವನಾಗಿ ಮೊದಲ ಸೋಲೋ ಆಲ್ಬಮ್ ಮಾಡಿದಾಗ ಅದರಲ್ಲೊಂದು ಹಾಡಿಗೆ ಅದೇ ಹೆಸರಿಟ್ಟ. ಅಮ್ಮನನ್ನು ಅಮ್ಮ ಎಂದು ಕರೆಯದೆ, ಅವಳು ಹುಡುಗಿಯಾಗಿದ್ದಾಗಿನ ಹೆಸರಿನಿಂದ ಕರೆದ. ಆ ಹಾಡು ಕೇಳಿದಾಗಲೆಲ್ಲ ಪೇಸ್ಲಿಯ ಆ ಒದ್ದೆ ಬೀದಿಗಳು ನನ್ನ ಕಣ್ಣ ಮುಂದೆ ಬರುತ್ತವೆ.

ಅಪ್ಪ ತೀರಿಕೊಂಡಾಗ ಅವನಿಗೆ ಹದಿನಾರು. ಶಾಲೆ ಬಿಟ್ಟ. ಮಾಂಸದ ಅಂಗಡಿ, ಚಪ್ಪಲಿ ಅಂಗಡಿ, ಗುಮಾಸ್ತಿಕೆ, ಹೀಗೆ ಕೆಲಸಗಳು. ಸಂಜೆ ಶಾಲಾ ಗೆಳೆಯ ಜೋ ಈಗನ್ ಜೊತೆ ಹಾಡು. ಬೀಟಲ್ಸ್ ಮತ್ತು ಬಾಬ್ ಡಿಲನ್ ಕಿವಿಗೆ ಬಿದ್ದಿದ್ದರು. ಅಮ್ಮನ ಹಾಡುಗಳ ಮೇಲೆ ಅವರ ಬಣ್ಣ ಕೂತಿತು.

1969ರಲ್ಲಿ ಅವನು ‘ಹಂಬಲ್‌ಬಮ್ಸ್’ ಎಂಬ ಜನಪದ ತಂಡ ಸೇರಿದ. ಜೊತೆಗಿದ್ದವನು ಬಿಲ್ಲಿ ಕಾನಲಿ. ಹೌದು, ಮುಂದೆ ದೊಡ್ಡ ಹಾಸ್ಯ ಕಲಾವಿದನಾದ ಅದೇ ಕಾನಲಿ. ಗೆರ್ರಿ ಇದ್ದ ಕಾಲದಲ್ಲಿ ಎರಡು ಆಲ್ಬಮ್ ಬಂದವು, ‘ದಿ ನ್ಯೂ ಹಂಬಲ್‌ಬಮ್ಸ್’ ಮತ್ತು ‘ಓಪನ್ ಅಪ್ ದಿ ಡೋರ್’. ಮೊದಲನೆಯದರಲ್ಲಿ ‘ಹರ್ ಫಾದರ್ ಡಿಡ್ನ್ಟ್ ಲೈಕ್ ಮಿ ಎನಿವೇ’ ಅನ್ನುವ ಹಾಡಿದೆ. ಆಗ ಅವನಿಗಿನ್ನೂ ಇಪ್ಪತ್ತೆರಡು. ಆ ವಯಸ್ಸಿಗೇ ಅಷ್ಟು ಪಕ್ವವಾದ ರಾಗ ಕಟ್ಟಿದ್ದಾನೆ. ಕಾನಲಿಯ ಮಾತು ವೇದಿಕೆಯಲ್ಲಿ ಉದ್ದವಾಗುತ್ತಾ ಹೋಯಿತು. ಗೆರ್ರಿಗೆ ಹಾಡೇ ಬೇಕಿತ್ತು. ತಂಡ ಒಡೆಯಿತು.

1971ರಲ್ಲಿ ಬಂದದ್ದು ‘ಕ್ಯಾನ್ ಐ ಹ್ಯಾವ್ ಮೈ ಮನಿ ಬ್ಯಾಕ್?’. ನಾನು ಆಗಲೇ ಹೇಳಿದ ಮೊದಲ ಸೋಲೋ ಆಲ್ಬಮ್. ದುಡ್ಡು ವಾಪಸ್ ಕೊಡ್ತೀರಾ ಎನ್ನುವ ಹೆಸರು. ಜಾಸ್ತಿ ಮಾರಾಟವಾಗಲಿಲ್ಲ. ಆದರೆ ಮುಂದೆ ಬರಲಿರುವುದೆಲ್ಲ ಅದರಲ್ಲೇ ಇದೆ. ನಿರ್ಮಾಪಕ ಹ್ಯೂ ಮರ್ಫಿ ಅಲ್ಲೇ ಸಿಕ್ಕ. ಹೊದಿಕೆಯ ಚಿತ್ರ ಬರೆದವನು ಪೇಸ್ಲಿಯವನೇ ಆದ ಜಾನ್ ಬರ್ನ್. ‘ಪ್ಯಾಟ್ರಿಕ್’ ಎಂಬ ಹೆಸರಿನಲ್ಲಿ ಚಿತ್ರ ಬರೆಯುತ್ತಿದ್ದ. ರಾಫರ್ಟಿಯ ಒಳ್ಳೆಯ ರೆಕಾರ್ಡುಗಳನ್ನು ದೂರದಿಂದಲೇ ಗುರುತಿಸಬಹುದು, ಅವುಗಳ ಮೇಲೆ ಬರ್ನ್ ಬರೆದ ಚಿತ್ರಗಳು ಅಷ್ಟು ಬೇರೆಯಾಗಿವೆ.

ಆಮೇಲೆ ಜೋ ಈಗನ್ ಜೊತೆ ಸೇರಿ ಕಟ್ಟಿದ ತಂಡ ‘ಸ್ಟೀಲರ್ಸ್ ವೀಲ್’. ‘ಸ್ಟಕ್ ಇನ್ ದಿ ಮಿಡಲ್ ವಿತ್ ಯೂ’ ಇವರದೇ ಹಾಡು. 1973ರಲ್ಲಿ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಅದಕ್ಕೆ ಅಮೆರಿಕದಲ್ಲಿ ಆರನೆಯ ಸ್ಥಾನ, ಬ್ರಿಟನ್ನಿನಲ್ಲಿ ಎಂಟನೆಯ ಸ್ಥಾನ. ಆ ಹಾಡು ಗೆದ್ದಾಗ ರಾಫರ್ಟಿ ತಂಡದಲ್ಲೇ ಇರಲಿಲ್ಲ. ಮೊದಲ ಆಲ್ಬಮ್ ಮುಗಿಸಿ ಬಿಟ್ಟುಹೋಗಿದ್ದ. ಒಪ್ಪಿಸಿ ಕರೆತಂದರು. ಎರಡನೆಯ ಆಲ್ಬಮ್ಮಿಗೆ ‘ಫರ್ಗಸ್ಲಿ ಪಾರ್ಕ್’ ಎಂದು ಪೇಸ್ಲಿಯ ಒಂದು ಬಡ ಬಡಾವಣೆಯ ಹೆಸರು. ಮೂರನೆಯದು 1975ರಲ್ಲಿ ಬರುವ ಹೊತ್ತಿಗೆ ತಂಡ ಚೂರಾಗಿತ್ತು.

ಸುಮಾರು ಇಪ್ಪತ್ತು ವರ್ಷ ಕಳೆದ ಮೇಲೆ, 1992ರಲ್ಲಿ, ಕ್ವೆಂಟಿನ್ ಟ್ಯಾರಂಟಿನೊ ತನ್ನ ‘ರಿಸರ್ವಾಯರ್ ಡಾಗ್ಸ್’ ಚಿತ್ರದ ಅತಿ ಕ್ರೂರ ದೃಶ್ಯಕ್ಕೆ ‘ಸ್ಟಕ್ ಇನ್ ದಿ ಮಿಡಲ್’ ಹಾಡನ್ನು ಹಾಕಿದ. ಅಲ್ಲಿಂದ ಆಚೆಗೆ ಹಾಡು ಕೇಳಿದವರಿಗೆ ಆ ದೃಶ್ಯವೇ ನೆನಪಿಗೆ ಬರುತ್ತದೆ. ಒಂದು ಹಾಡನ್ನು ಸ್ಯಾಕ್ಸೋಫೋನ್ ಮರೆಮಾಡಿತು, ಇನ್ನೊಂದನ್ನು ಸಿನಿಮಾ. ದಯವಿಟ್ಟು ಒಂದು ಸಲ ಕಣ್ಣು ಮುಚ್ಚಿ ಕೇಳಿ. ಎರಡು ದನಿಗಳು ಒಂದಕ್ಕೊಂದು ಹೆಣೆದುಕೊಂಡು ಹಾಡುತ್ತವೆ. ಒಂದೇ ಶಾಲೆಯಲ್ಲಿ ಓದಿದ ಇಬ್ಬರು ಹುಡುಗರ ದನಿಗಳು ಅವು.

ತಂಡ ಒಡೆದ ಮೇಲೆ ಮೂರು ವರ್ಷ ಮೌನ. ಕರಾರು ಪತ್ರಗಳ ಜಗಳ ಮುಗಿಯುವ ತನಕ ಅವನು ಏನನ್ನೂ ಹೊರತರುವ ಹಾಗಿರಲಿಲ್ಲ. ಮನೆ ಸ್ಕಾಟ್ಲೆಂಡಿನಲ್ಲಿ, ವಕೀಲರು ಲಂಡನ್ನಿನಲ್ಲಿ. ರೈಲಿನಲ್ಲಿ ಹೋಗುವುದು, ಬರುವುದು. ಲಂಡನ್ನಿನಲ್ಲಿ ಬೇಕರ್ ಸ್ಟ್ರೀಟ್ ಹತ್ತಿರ ಒಬ್ಬ ಗೆಳೆಯನ ಸಣ್ಣ ಮನೆ. ರಾತ್ರಿಯಿಡೀ ಗಿಟಾರ್, ಮಾತು. ಈ ಓಡಾಟದಿಂದಲೇ ‘ಸಿಟಿ ಟು ಸಿಟಿ’ ಹುಟ್ಟಿತು. ಆಕ್ಸ್‌ಫರ್ಡ್‌ಶೈರ್‌ನ ಚಿಪ್ಪಿಂಗ್ ನಾರ್ಟನ್ ಸ್ಟುಡಿಯೋದಲ್ಲಿ ಮುದ್ರಿಸಿದರು. ನಿರ್ಮಾಣ ರಾಫರ್ಟಿ ಮತ್ತು ಹ್ಯೂ ಮರ್ಫಿಯದು. 1978ರ ಜನವರಿಯಲ್ಲಿ ಹೊರಬಂತು.

ಆ ಸ್ಯಾಕ್ಸೋಫೋನಿನ ಕಥೆ ಹೇಳಲೇಬೇಕು. ನುಡಿಸಿದವನು ರಾಫೆಲ್ ರೇವನ್ಸ್‌ಕ್ರಾಫ್ಟ್. ಸ್ಟುಡಿಯೋಗೆ ಬಂದದ್ದು ಸೊಪ್ರಾನೊ ಸ್ಯಾಕ್ಸೋಫೋನಿನಲ್ಲಿ ಬೇರೆ ಒಂದು ಸಣ್ಣ ಭಾಗ ನುಡಿಸಲು. ಕಾರಿನಲ್ಲಿದ್ದ ಆಲ್ಟೊ ಸ್ಯಾಕ್ಸೋಫೋನ್ ತಂದು ಆ ಎಂಟು ಆವರ್ತದ ಮಾಟ ಮಾಡಿದ. ಅವನಿಗೆ ಸಿಕ್ಕ ಕೂಲಿ 27 ಪೌಂಡ್. ಆ ಸ್ವರಗಳನ್ನು ಯಾರು ಹೊಸೆದರು ಎಂಬ ಚರ್ಚೆ ಬಹಳ ಕಾಲ ನಡೆಯಿತು. 2011ರಲ್ಲಿ ಆಲ್ಬಮ್ ಮತ್ತೆ ಹೊರಬಂದಾಗ ಅದರ ಜೊತೆ ಹಳೆಯ ಡೆಮೊ, ಅಂದರೆ ಕರಡು ಮುದ್ರಣ, ಕೂಡ ಬಂತು. ಅದರಲ್ಲಿ ಅದೇ ಸ್ವರಗಳು ಎಲೆಕ್ಟ್ರಿಕ್ ಗಿಟಾರಿನಲ್ಲಿ ಕೇಳಿಸುತ್ತವೆ. ರಾಗ ರಾಫರ್ಟಿಯ ತಲೆಯಲ್ಲಿ ಮೊದಲೇ ಇತ್ತು. ಅದಕ್ಕೆ ಆ ಉರಿ ಕೊಟ್ಟವನು ರೇವನ್ಸ್‌ಕ್ರಾಫ್ಟ್. ಇಬ್ಬರಿಗೂ ಸಲ್ಲಬೇಕಾದದ್ದು ಸಲ್ಲಲಿ ಎನ್ನುವವನು ನಾನು.

ಬೇಕರ್ ಸ್ಟ್ರೀಟ್ ಬ್ರಿಟನ್ನಿನಲ್ಲಿ ಮೂರನೆಯ ಸ್ಥಾನ ತಲುಪಿತು. ಅಮೆರಿಕದಲ್ಲಿ ಆರು ವಾರ ಎರಡನೆಯ ಸ್ಥಾನದಲ್ಲಿ ನಿಂತಿತು. ಆಲ್ಬಮ್ ಅಂತೂ 1978ರ ಜುಲೈಯಲ್ಲಿ ‘ಸ್ಯಾಟರ್ಡೇ ನೈಟ್ ಫೀವರ್’ ಅನ್ನು ಕೆಳಗಿಳಿಸಿ ಅಮೆರಿಕದ ಪಟ್ಟಿಯ ತುದಿಗೆ ಹೋಯಿತು. ಇಪ್ಪತ್ತನಾಲ್ಕು ವಾರ ಅಲ್ಲಾಡದೆ ಕೂತಿದ್ದ ಡಿಸ್ಕೋ ಆಲ್ಬಮ್ ಅದು. ಎಂಥ ಕಾಲದಲ್ಲಿ ಎಂಥ ಹಾಡು ಗೆದ್ದಿತು ನೋಡಿ.

ಈಗ ನನಗೆ ಬಹಳ ಇಷ್ಟವಾದ ಜಾಗಕ್ಕೆ ಬರುತ್ತೇನೆ. ಅದೇ ರೆಕಾರ್ಡನ್ನು ತಿರುಗಿಸಿ ಹಾಕಿ. ಎರಡನೆಯ ಬದಿಯ ಮೊದಲ ಹಾಡು ‘ಮ್ಯಾಟೀಸ್ ರ‍್ಯಾಗ್’. ಮಗಳು ಮಾರ್ಥಾಳ ಬಳಿಗೆ ಮನೆಗೆ ಮರಳುವ ಅಪ್ಪನ ಸಂತೋಷ ಅದು. ಅದರ ಮುಂದಿನದು ‘ವಾಟೆವರ್ಸ್ ರಿಟನ್ ಇನ್ ಯುವರ್ ಹಾರ್ಟ್’. ಅಲ್ಲಿ ಸ್ಯಾಕ್ಸೋಫೋನ್ ಇಲ್ಲ. ಪಿಯಾನೊ ಇದೆ, ದನಿಗಳಿವೆ. ಹೆಚ್ಚೇನೂ ಇಲ್ಲ. ರಾಫರ್ಟಿ ಒಂದು ಸಲ ಹಾಡುತ್ತಿದ್ದ, ಆ ಟೇಪಿನ ಮೇಲೆ ಇನ್ನೊಂದು ಸಲ ಬೇರೆ ಸ್ವರದಲ್ಲಿ ಹಾಡುತ್ತಿದ್ದ, ಮತ್ತೊಂದು ಸಲ ಅದಕ್ಕೆ ಸೇರಿಸುತ್ತಿದ್ದ. ತನ್ನ ದನಿಗೆ ತಾನೇ ಜೊತೆಯಾಗುವುದು. ಮಲ್ಟಿಟ್ರ್ಯಾಕ್ ಯಂತ್ರ ಬಂದ ಮೇಲೆ ಇದನ್ನು ಬೇಕಾದಷ್ಟು ಜನ ಮಾಡಿದರು. ಇವನದರಲ್ಲಿ ಬೇರೆ ಏನೋ ಇದೆ. ಒಂದರ ಮೇಲೊಂದು ಕೂತ ಆ ದನಿಗಳಲ್ಲಿ ಯಾವುದೂ ಮುಂದೆ ನುಗ್ಗುವುದಿಲ್ಲ. ಯಾವುದೂ ಕೂಗುವುದಿಲ್ಲ. ಮೃದುವಾಗಿ, ಸ್ವಲ್ಪ ದಣಿದ ಹಾಗೆ, ಆದರೆ ಸ್ವರ ಒಂದಿಷ್ಟೂ ಅಲುಗದೆ ನಿಲ್ಲುತ್ತವೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಹೆಡ್‌ಫೋನ್ ಹಾಕಿಕೊಂಡು ಇದನ್ನು ಕೇಳಿದ ದಿನ ನನಗೆ ಅನ್ನಿಸಿತು, ಅಮ್ಮನಿಂದ ಹಾಡು ಕಲಿತ ಹುಡುಗ ಹಾಡುವುದೇ ಹೀಗೆ. ಪಕ್ಕದಲ್ಲಿ ಇನ್ನೊಂದು ದನಿ ಇರಲೇಬೇಕು ಅವನಿಗೆ.

ಇಷ್ಟೊಂದು ಗೆದ್ದ ಮೇಲೆ ಏನು ಮಾಡಬೇಕು? ಅಮೆರಿಕಕ್ಕೆ ಹೋಗಿ ಊರೂರು ಸುತ್ತಿ ಹಾಡಬೇಕು. ಅವನು ಒಲ್ಲೆ ಎಂದ. ಹೆಸರು, ಗದ್ದಲ, ಜನಜಂಗುಳಿ ಅವನಿಗೆ ಬೇಡವಾಗಿತ್ತು. ಬೇಕರ್ ಸ್ಟ್ರೀಟ್ ಹಾಡೇ ಅದನ್ನು ಹೇಳುತ್ತದೆ. ಈ ನಗರದಲ್ಲಿ ಏನೋ ಸಿಗುತ್ತದೆ ಅಂದುಕೊಂಡು ಬಂದವನು ಕೊನೆಗೆ ಊರಿಗೆ ಹೊರಡುವ ಕಥೆ. ಅವನ ಬದುಕಿಗೆ ಹೆಚ್ಚು ಹತ್ತಿರವಾದದ್ದು ಸ್ಟುಡಿಯೋ. ಆದ್ದರಿಂದಲೇ ಅವನನ್ನು ತಿಳಿಯಲು ನಮಗೆ ಉಳಿದಿರುವ ದಾರಿ ರೆಕಾರ್ಡುಗಳೇ.

1979ರ ‘ನೈಟ್ ಔಲ್’ ಚೆನ್ನಾಗಿದೆ. ‘ಗೆಟ್ ಇಟ್ ರೈಟ್ ನೆಕ್ಸ್ಟ್ ಟೈಮ್’ ಅದರಲ್ಲೇ ಇರುವುದು. 1980ರ ‘ಸ್ನೇಕ್ಸ್ ಅಂಡ್ ಲ್ಯಾಡರ್ಸ್’, ನಮ್ಮ ಹಾವು ಏಣಿ ಆಟವೇ, ಕೆರಿಬಿಯನ್ ದ್ವೀಪ ಮಾಂಟ್ಸೆರಾಟ್‌ನಲ್ಲಿ ಮುದ್ರಿಸಿದ್ದು. ಎಡಿನ್‌ಬರೋದ ಹಳೆಯ ಬೀದಿಯ ಮೇಲೆ ಬರೆದ ‘ದಿ ರಾಯಲ್ ಮೈಲ್’ ಅದರ ಒಳ್ಳೆಯ ಹಾಡು. 1982ರ ‘ಸ್ಲೀಪ್‌ವಾಕಿಂಗ್’ನಲ್ಲಿ ಡ್ರಮ್ ಯಂತ್ರಗಳು ಬಂದವು. ನನಗೆ ಅದು ತಣ್ಣಗೆ ಅನ್ನಿಸುತ್ತದೆ. ಆ ದನಿಗೆ ಮರ, ತಂತಿ, ಚರ್ಮದ ವಾದ್ಯಗಳೇ ಒಪ್ಪುತ್ತವೆ.

ಆಮೇಲೆ ಆರು ವರ್ಷ ತನ್ನದೇ ಆಲ್ಬಮ್ ಇಲ್ಲ. ಆದರೆ 1987ರಲ್ಲಿ ಒಂದು ಒಳ್ಳೆಯ ಕೆಲಸ ಮಾಡಿದ. ‘ಪ್ರೊಕ್ಲೇಮರ್ಸ್’ ಎಂಬ ಸ್ಕಾಟಿಷ್ ಅವಳಿ ಸೋದರರ ‘ಲೆಟರ್ ಫ್ರಮ್ ಅಮೆರಿಕಾ’ ಹಾಡನ್ನು ಹ್ಯೂ ಮರ್ಫಿ ಜೊತೆ ಸೇರಿ ನಿರ್ಮಿಸಿದ. ಹೊಟ್ಟೆಪಾಡಿಗೆ ಊರು ಬಿಟ್ಟು ಅಮೆರಿಕಕ್ಕೆ ಹೋದ ಸ್ಕಾಟ್ ಜನರ ಹಾಡು ಅದು. ಕೆಲಸ ಕಳೆದುಕೊಂಡ ಊರುಗಳ ಹೆಸರನ್ನು ಅದರಲ್ಲಿ ಒಂದೊಂದಾಗಿ ಕೂಗುತ್ತಾರೆ. ಅವುಗಳಲ್ಲಿ ಲಿನ್‌ವುಡ್ ಒಂದು. ಪೇಸ್ಲಿಯ ಪಕ್ಕದ ಊರು. ಅಲ್ಲಿನ ಕಾರು ಕಾರ್ಖಾನೆ 1981ರಲ್ಲಿ ಮುಚ್ಚಿತ್ತು. ಮರುವರ್ಷ, 1988ರಲ್ಲಿ, ಅವನ ‘ನಾರ್ತ್ ಅಂಡ್ ಸೌತ್’ ಬಂತು. ಅದರಲ್ಲಿ ‘ಶಿಪ್‌ಯಾರ್ಡ್ ಟೌನ್’ ಕೇಳಿ. ಹಡಗು ಕಟ್ಟುವ ಊರಿನ ಹಾಡು.

ತೊಂಬತ್ತರ ದಶಕದಲ್ಲಿ ಎರಡು ಆಲ್ಬಮ್. ‘ಆನ್ ಎ ವಿಂಗ್ ಅಂಡ್ ಎ ಪ್ರೇಯರ್’ಗೆ ಜೋ ಈಗನ್ ಮತ್ತೆ ಬಂದು ದನಿ ಸೇರಿಸಿದ. ‘ಓವರ್ ಮೈ ಹೆಡ್’ನಲ್ಲಿ ಕೆಲವು ಹಳೆಯ ಹಾಡುಗಳನ್ನು ಮತ್ತೆ ಹಾಡಿದ, ಇಪ್ಪತ್ತೆರಡರ ವಯಸ್ಸಿನ ಆ ‘ಹರ್ ಫಾದರ್’ ಹಾಡನ್ನೂ. ಎರಡನ್ನೂ ಒಟ್ಟಿಗೆ ಇಟ್ಟು ಕೇಳಿದರೆ ಒಬ್ಬ ಮನುಷ್ಯ ವಯಸ್ಸಾಗುವುದು ಕಿವಿಗೆ ಕೇಳಿಸುತ್ತದೆ. 2000ದಲ್ಲಿ ‘ಅನದರ್ ವರ್ಲ್ಡ್’. 2009ರಲ್ಲಿ ‘ಲೈಫ್ ಗೋಸ್ ಆನ್’. ಅದರಲ್ಲಿ ಚರ್ಚಿನ ಹಳೆಯ ಸ್ತೋತ್ರಗಳೂ ಇವೆ.

ಅಪ್ಪನ ಕುಡಿತಕ್ಕೆ ಹೆದರಿ ಬೀದಿ ಸುತ್ತಿದ ಹುಡುಗನನ್ನು ಅದೇ ಕುಡಿತ ಕಾಡಿತು. ಯಕೃತ್ತು ಸೋತಿತು. 2011ರ ಜನವರಿ 4ರಂದು ತೀರಿಕೊಂಡ. 63 ವರ್ಷ. ಅಂತ್ಯಸಂಸ್ಕಾರದ ಪ್ರಾರ್ಥನೆ ಪೇಸ್ಲಿಯ ಸೇಂಟ್ ಮಿರಿನ್ ಚರ್ಚಿನಲ್ಲಿ ನಡೆಯಿತು.

ಅವನು ಮುದ್ರಿಸಿಟ್ಟು ಹೋದ ಹಾಡುಗಳು ಮನೆಯಲ್ಲಿದ್ದವು. ಮಗಳು ಮಾರ್ಥಾ, ‘ಮ್ಯಾಟೀಸ್ ರ‍್ಯಾಗ್’ನ ಆ ಪುಟ್ಟ ಹುಡುಗಿ, ಅವನ್ನು ಜೋಡಿಸಿ 2021ರಲ್ಲಿ ‘ರೆಸ್ಟ್ ಇನ್ ಬ್ಲೂ’ ಎಂಬ ಆಲ್ಬಮ್ ತಂದಳು. ಅದರಲ್ಲಿ ‘ವೈಲ್ಡ್ ಮೌಂಟನ್ ಥೈಮ್’ ಇದೆ. ಬೆಟ್ಟದಲ್ಲಿ ಹೂ ಬಿಟ್ಟಿದೆ, ಕೀಳಲು ಬರುತ್ತೀಯಾ ಎಂದು ಹುಡುಗಿಯನ್ನು ಕರೆಯುವ ಹಾಡು. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನ ಮೆಕ್‌ಪೀಕ್ ಮನೆತನದವರು ಇದಕ್ಕೆ ಈಗಿನ ರೂಪ ಕೊಟ್ಟರು. ಮೂಲ ಪದ ಕಟ್ಟಿದವನು ರಾಬರ್ಟ್ ಟ್ಯಾನಹಿಲ್. 1774ರಲ್ಲಿ ಹುಟ್ಟಿದವನು. ಪೇಸ್ಲಿಯಲ್ಲಿ ಮಗ್ಗದ ಮುಂದೆ ಕೂತು ನೇಯುತ್ತಿದ್ದ, ಪದ ಕಟ್ಟುತ್ತಿದ್ದ.