ಮೊದಲು ಫೋಲ್ಡರ್, ಆಮೇಲೆ ಪ್ರಿಸೆಟ್

ಎಲ್ಲರಿಗೂ ನಮಸ್ಕಾರ. ಮದುವೆ ಫೋಟೋಗ್ರಫಿಗೆ ಹೊಸದಾಗಿ ಬಂದ ಹುಡುಗರು ನನ್ನ ಹತ್ತಿರ ಮೊದಲು ಕೇಳುವುದು ಒಂದೇ ಮಾತು. "ಅಣ್ಣಾ, ನೀವು ಯಾವ ಪ್ರಿಸೆಟ್ ಹಾಕ್ತೀರಾ?" ಪ್ರಿಸೆಟ್ ಅಂದರೆ ಒಂದೇ ಒತ್ತಿಗೆ ಫೋಟೋದ ಬಣ್ಣ, ಬೆಳಕು ಬದಲಿಸುವ ಸಿದ್ಧ ಸೆಟ್ಟಿಂಗ್. ಫೋಲ್ಡರ್ ಹೇಗೆ ಇಡ್ತೀರಾ ಅಂತ ಇದುವರೆಗೆ ಯಾರೂ ಕೇಳಿಲ್ಲ. ಬಣ್ಣ ಹಾಳಾದರೆ ನಾಳೆ ಸರಿ ಮಾಡಬಹುದು. ಫೋಟೋನೇ ಸಿಗದಿದ್ದರೆ ಏನು ಮಾಡುತ್ತೀರಿ?

ಫೋಟೋ ಜೋಡಿಸಿಡಲು, ಎಡಿಟ್ ಮಾಡಲು ನಾನು ಬಳಸುವ ಸಾಫ್ಟ್‌ವೇರ್ ಅಡೋಬಿ ಕಂಪನಿಯ ಲೈಟ್‌ರೂಮ್ ಕ್ಲಾಸಿಕ್. ಅದರಲ್ಲಿ ನಡೆದದ್ದನ್ನೇ ಹೇಳುತ್ತೇನೆ.

ಕೆಲವು ವರ್ಷದ ಹಿಂದೆ ನನ್ನ ಲ್ಯಾಪ್‌ಟಾಪ್ ತುಂಬಿ ಹೋಗಿತ್ತು. ಒಂದು ಮದುವೆಯ ಫೋಲ್ಡರನ್ನು ಕಟ್ ಮಾಡಿ ಹೊರಗಿನ ಹಾರ್ಡ್ ಡಿಸ್ಕಿಗೆ ಪೇಸ್ಟ್ ಮಾಡಿದೆ. ಲೈಟ್‌ರೂಮ್ ಒಳಗಿಂದ ಅಲ್ಲ, ಹೊರಗಿಂದ. ರಾತ್ರಿ ಆಲ್ಬಂ ಸೆಲೆಕ್ಷನ್‌ಗೆ ಕೂತರೆ ಫೋಲ್ಡರ್ ಹೆಸರಿನ ಮೇಲೆ ಪ್ರಶ್ನಾರ್ಥಕ ಚಿಹ್ನೆ. ಪ್ರತಿ ಫೋಟೋದ ಮೂಲೆಯಲ್ಲಿ ಆಶ್ಚರ್ಯಸೂಚಕ ಚಿಹ್ನೆ. ಒಟ್ಟು 2,300 ಫೋಟೋ. ಯಾವುದನ್ನು ಒತ್ತಿದರೂ ಫೈಲ್ ಸಿಗುತ್ತಿಲ್ಲ ಅನ್ನುತ್ತಿತ್ತು. ಕೈ ತಣ್ಣಗಾಯಿತು.

ಫೋಟೋಗಳಿಗೆ ಏನೂ ಆಗಿರಲಿಲ್ಲ. ಎಲ್ಲವೂ ಆ ಡಿಸ್ಕಿನಲ್ಲೇ ಇದ್ದವು. ಲೈಟ್‌ರೂಮಿನ ಕ್ಯಾಟಲಾಗ್ ಅಂದರೆ ಅಂಗಡಿಯ ಲೆಕ್ಕದ ಪುಸ್ತಕ ಇದ್ದ ಹಾಗೆ. ಸರಕು ಗೋದಾಮಿನಲ್ಲಿರುತ್ತದೆ. ಯಾವ ಮೂಟೆ ಎಲ್ಲಿದೆ, ಅದಕ್ಕೆ ಏನು ಮಾಡಿದ್ದೇವೆ ಅಂತ ಪುಸ್ತಕದಲ್ಲಿ ಬರೆದಿರುತ್ತದೆ, ಅಷ್ಟೇ. ಪುಸ್ತಕಕ್ಕೆ ಹೇಳದೆ ನಾನು ಮೂಟೆ ಎತ್ತಿ ಬೇರೆ ಕಡೆ ಇಟ್ಟಿದ್ದೆ. ಆ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ, ಫೈಂಡ್ ಮಿಸ್ಸಿಂಗ್ ಫೋಲ್ಡರ್ ಒತ್ತಿ, ಹೊಸ ಜಾಗ ತೋರಿಸಿದ್ದರೆ ಎರಡು ನಿಮಿಷದ ಕೆಲಸ. ಅವತ್ತು ನನಗೆ ಗೊತ್ತಿರಲಿಲ್ಲ. ಎಲ್ಲವನ್ನೂ ಮತ್ತೆ ಇಂಪೋರ್ಟ್ ಮಾಡಿದೆ, ಅಂದರೆ ಹೊಸದಾಗಿ ಲೈಟ್‌ರೂಮಿಗೆ ಸೇರಿಸಿದೆ. ಪುಸ್ತಕದಲ್ಲಿ ಹೊಸ ಪುಟ ತೆರೆಯಿತು. ಹಳೇ ಎಡಿಟ್ ಎಲ್ಲ ಹಳೇ ಪುಟದಲ್ಲೇ ಉಳಿಯಿತು. ಮೂರು ದಿನದ ಕೆಲಸವನ್ನು ಮೊದಲಿಂದ ಮಾಡಿದೆ. ಆ ಮೂರು ದಿನ ನಿಮಗೆ ಬರಬಾರದು ಅಂತಲೇ ಇದನ್ನು ಹೇಳುತ್ತಿರುವುದು.

ಫೋಲ್ಡರನ್ನು ಜರುಗಿಸಬೇಕಾದರೆ ಲೈಟ್‌ರೂಮಿನ ಎಡಗಡೆ ಫೋಲ್ಡರ್ ಪಟ್ಟಿಯಲ್ಲೇ ಎಳೆದು ಹಾಕಿ. ಅದಕ್ಕೂ ಮೊದಲು ಒಂದು ಕಾಪಿ ಬೇರೆ ಕಡೆ ಇರಲಿ. ಇನ್ನೊಂದು ವಿಷಯ. ಲೈಟ್‌ರೂಮ್ ಮುಚ್ಚುವಾಗ ಆಗಾಗ ಬ್ಯಾಕಪ್ ಮಾಡಲಾ ಅಂತ ಕೇಳುತ್ತದೆ, ಅಲ್ವಾ? ಅದು ಕ್ಯಾಟಲಾಗಿನ ಬ್ಯಾಕಪ್ ಮಾತ್ರ. ನಿಮ್ಮ ಫೋಟೋಗಳು ಅದರಲ್ಲಿ ಇರುವುದಿಲ್ಲ. ಎಷ್ಟೋ ಜನ ಇದನ್ನು ನಂಬಿ ನಿಶ್ಚಿಂತೆಯಾಗಿ ಮಲಗುತ್ತಾರೆ.

ಹೆಸರಿಗೆ ಬರೋಣ. ನನ್ನ ಫೋಲ್ಡರ್ ಹೆಸರು "2024-11-28 ತೀರ್ಥಹಳ್ಳಿ ಮದುವೆ" ಅಂತ ಇರುತ್ತದೆ. ಮೊದಲು ವರ್ಷ, ಆಮೇಲೆ ತಿಂಗಳು, ಆಮೇಲೆ ದಿನ. ಹೀಗೆ ಬರೆದರೆ ಕಂಪ್ಯೂಟರೇ ಸಾಲಾಗಿ ಜೋಡಿಸಿಕೊಡುತ್ತದೆ. ಫೈಲಿನ ಹೆಸರನ್ನು ಇಂಪೋರ್ಟ್ ಮಾಡುವಾಗಲೇ ಬದಲಿಸುತ್ತೇನೆ. ಯಾಕೆ ಗೊತ್ತಾ? ಕ್ಯಾಮೆರಾದ ಎಣಿಕೆ 9999ಕ್ಕೆ ಮುಗಿದು ಮತ್ತೆ 0001ರಿಂದ ಶುರುವಾಗುತ್ತದೆ. ಒಂದೇ ಕಂಪನಿಯ ಎರಡು ಕ್ಯಾಮೆರಾ ತಗೊಂಡು ಹೋಗಿದ್ದರೆ ಎರಡರಲ್ಲೂ 4521 ನಂಬರಿನ ಫೋಟೋ ಇರಬಹುದು. ಎರಡು ಕಾರ್ಡನ್ನೂ ಒಂದೇ ಫೋಲ್ಡರಿಗೆ ಸುಮ್ನೆ ಸುರಿದರೆ, ಹಳೆಯದರ ಮೇಲೆ ಹೊಸದು ಹಾಕಲಾ ಅಂತ ಕಂಪ್ಯೂಟರ್ ಕೇಳುತ್ತದೆ. ಆರತಕ್ಷತೆ ಮುಗಿಸಿ ನಡುರಾತ್ರಿ ಮನೆಗೆ ಬಂದ ಕೈ ಹೂಂ ಅಂತ ಒತ್ತಿಬಿಡುತ್ತದೆ. ಅಲ್ಲಿಗೆ ತಾಳಿ ಕಟ್ಟುವ ಫೋಟೋದ ಜಾಗದಲ್ಲಿ ಊಟದ ಪಂಕ್ತಿ ಫೋಟೋ ಕೂತಿರುತ್ತದೆ. ನಾನು ದಿನಾಂಕ, ಸಮಯ, ಕೊನೆಗೆ ಕ್ಯಾಮೆರಾಕ್ಕೆ ಒಂದು ಅಕ್ಷರ ಹಾಕುತ್ತೇನೆ. ಮುಹೂರ್ತಕ್ಕೆ ಮುಂಚೆ ಎರಡೂ ಕ್ಯಾಮೆರಾದ ಗಡಿಯಾರ ಒಂದೇ ಸಮಯ ತೋರಿಸುತ್ತಿದೆಯಾ ಅಂತ ನೋಡಿಕೊಳ್ಳಿ. ಮರೆತರೆ ಲೈಟ್‌ರೂಮಿನಲ್ಲಿ ಆಮೇಲೂ ಸಮಯ ತಿದ್ದಬಹುದು.

"ಸೆಲೆಕ್ಟೆಡ್", "ಫೈನಲ್", "ಫೈನಲ್ ಹೊಸದು" ಅಂತ ಫೋಲ್ಡರ್ ಮೇಲೆ ಫೋಲ್ಡರ್ ಮಾಡಿ ಫೋಟೋ ಕಾಪಿ ಮಾಡಬೇಡಿ. ಲೈಟ್‌ರೂಮಿನಲ್ಲಿ ಕಲೆಕ್ಷನ್ ಅನ್ನುವ ಪಟ್ಟಿ ಇರುವುದೇ ಅದಕ್ಕೆ. ಒಂದೇ ಫೋಟೋ ಹತ್ತು ಕಲೆಕ್ಷನ್‌ನಲ್ಲಿ ಇರಬಹುದು, ಡಿಸ್ಕಿನಲ್ಲಿ ಫೈಲ್ ಒಂದೇ.

ಈಗ ಪ್ರಿಸೆಟ್. 2018ರಿಂದ ಲೈಟ್‌ರೂಮ್ ಪ್ರಿಸೆಟ್ ಅಂದರೆ ಎಕ್ಸ್‌ಎಂಪಿ ಅನ್ನುವ ಬರಹದ ಫೈಲ್. ಅದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಬಹುದು. ದುಡ್ಡು ಕೊಟ್ಟು ತಗೊಂಡ ಒಂದು ಪ್ರಿಸೆಟ್ಟನ್ನು ನಾನು ಹಾಗೆ ತೆರೆದೆ. ಎಕ್ಸ್‌ಪೋಷರ್, ಅಂದರೆ ಫೋಟೋದ ಬೆಳಕು, ಪ್ಲಸ್ 0.50. ಹಸಿರಿನ ಸ್ಯಾಚುರೇಷನ್, ಅಂದರೆ ಬಣ್ಣದ ಗಾಢತೆ, ಮೈನಸ್ 60. ಹಳದಿಯನ್ನು ಕಿತ್ತಳೆ ಕಡೆಗೆ ತಳ್ಳಿತ್ತು. ಇಷ್ಟೇ ಅದರ ಗುಟ್ಟು.

ಆ ಪ್ರಿಸೆಟ್ ಹಾಕಿ ಕೊಟ್ಟ ಫೋಟೋಗಳನ್ನು ಮದುಮಗಳ ತಾಯಿ ನೋಡುತ್ತಿದ್ದರು. ಮಗಳ ಕೈ ಕಾಣುವ ಒಂದು ಫೋಟೋ ಹತ್ತಿರ ನಿಂತರು. "ಹಸಿರು ಬಳೆ ಹಾಕಿಸಿದ್ವಲ್ಲಪ್ಪಾ, ಇದ್ಯಾಕೆ ಬೂದಿ ಥರ ಕಾಣ್ತಿದೆ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಬಾಳೆ ಎಲೆ ಒಣಗಿದ ಹಾಗಿತ್ತು. ಮಾವಿನ ತೋರಣ ಕಂದಾಗಿತ್ತು. ಅರಿಶಿನ ಇಟ್ಟಿಗೆ ಪುಡಿಯ ಹಾಗೆ ಕಾಣುತ್ತಿತ್ತು. ನಮ್ಮ ಮದುವೆಯಲ್ಲಿ ಹಸಿರಿಗೂ ಹಳದಿಗೂ ಅರ್ಥ ಇದೆ. ಅವೆರಡನ್ನೂ ಸಾಯಿಸುವ ಪ್ರಿಸೆಟ್ ಎಷ್ಟೇ ಚೆಂದ ಕಂಡರೂ ನಮ್ಮ ಚಪ್ಪರದೊಳಗೆ ಬರಬಾರದು. ಈ ವಿಷಯದಲ್ಲಿ ನಾನು ರಾಜಿ ಆಗುವುದಿಲ್ಲ.

ನಿಮ್ಮ ಪ್ರಿಸೆಟ್ ನೀವೇ ಮಾಡಿ. ಸೇವ್ ಮಾಡುವಾಗ ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣದ ಹೊಂದಾಣಿಕೆ) ಎರಡರ ಟಿಕ್ ತೆಗೆಯಿರಿ. ಬೆಳಗಿನ ಚಪ್ಪರದ ಬೆಳಕೇ ಬೇರೆ, ರಾತ್ರಿ ಹಾಲಿನ ನೇರಳೆ ಎಲ್‌ಇಡಿ ಬೆಳಕೇ ಬೇರೆ. ಅವುಗಳನ್ನು ಫೋಟೋ ನೋಡಿಯೇ ತಿದ್ದಬೇಕು.

"ಕ್ಯಾಮೆರಾದಲ್ಲಿ ಚೆನ್ನಾಗಿತ್ತು, ಲೈಟ್‌ರೂಮಿಗೆ ಹಾಕಿದ ತಕ್ಷಣ ಬಣ್ಣ ಹೋಯ್ತು" ಅಂತಲೂ ಜಾಸ್ತಿ ಜನ ಹೇಳುತ್ತಾರೆ. ಕ್ಯಾಮೆರಾದ ಹಿಂದೆ ಕಾಣುವುದು ಕ್ಯಾಮೆರಾ ತನ್ನ ಬಣ್ಣ ಹಚ್ಚಿದ ಜೆಪಿಇಜಿ. ನೀವು ತೆರೆದಿರುವುದು ರಾ ಫೈಲ್, ಅಂದರೆ ಕ್ಯಾಮೆರಾ ಬಣ್ಣ ಹಚ್ಚದೆ ಇಟ್ಟ ಮೂಲ ಫೈಲ್. ಅದಕ್ಕೆ ಲೈಟ್‌ರೂಮ್ ತಾನಾಗಿ ಹಾಕುವುದು ಅಡೋಬಿ ಕಲರ್ ಅನ್ನುವ ಪ್ರೊಫೈಲ್, ಅಂದರೆ ಬಣ್ಣ ತೋರಿಸುವ ಮೂಲ ರೀತಿ. ಪ್ರೊಫೈಲ್ ಪಟ್ಟಿಯ ಕ್ಯಾಮೆರಾ ಮ್ಯಾಚಿಂಗ್ ವಿಭಾಗದಲ್ಲಿ ಸ್ಟ್ಯಾಂಡರ್ಡ್, ಪೋರ್ಟ್ರೇಟ್ ಅಂತ ನಿಮ್ಮ ಕ್ಯಾಮೆರಾದ ಬಣ್ಣಗಳು ಸಿಗುತ್ತವೆ. ಪ್ರಿಫರೆನ್ಸಸ್‌ನಲ್ಲಿ ಒಂದೊಂದು ಕ್ಯಾಮೆರಾಕ್ಕೂ ಒಂದೊಂದು ಆರಂಭದ ಪ್ರಿಸೆಟ್ ಗೊತ್ತುಮಾಡಬಹುದು. ನಿಕಾನ್ ಒಂದು, ಸೋನಿ ಒಂದು ಹಿಡಿದು ಹೋಗುವವರು ಇದನ್ನು ಮಾಡಲೇಬೇಕು. ಎರಡರ ಬಣ್ಣ ಮೊದಲು ಹತ್ತಿರ ಬರಲಿ, ಆಮೇಲೆ ನಿಮ್ಮ ಪ್ರಿಸೆಟ್ ಹಾಕಿ.

ತಗೊಂಡ ಪ್ರಿಸೆಟ್ ಎಲ್ಲ ನಾನು ತೆಗೆದುಹಾಕಿದೆ. ಈಗ ನನ್ನ ಹತ್ತಿರ ಇರುವುದು ಏಳೇ ಏಳು. ಹೆಸರೆಲ್ಲ ಬೆಳಕಿನದು: ಬೆಳಗಿನ ಚಪ್ಪರ, ಮಧ್ಯಾಹ್ನದ ಬಿಸಿಲು, ಹಾಲ್ ಎಲ್‌ಇಡಿ, ಹೀಗೆ. ಏಳನ್ನೂ ಒಂದು ಗ್ರೂಪ್ ಮಾಡಿ, ಎಕ್ಸ್‌ಪೋರ್ಟ್ ಮಾಡಿ ಫೋಟೋಗಳ ಬ್ಯಾಕಪ್ ಜೊತೆಗೇ ಇಟ್ಟಿದ್ದೇನೆ. ಆರತಿ ತಟ್ಟೆಯ ದೀಪದ ಬೆಳಕಿಗೆ ಮಾಡಿದ್ದು ಮಾತ್ರ ಇನ್ನೂ ಸರಿ ಬಂದಿಲ್ಲ. ಹೆಂಗಸರ ಮುಖ ತೀರಾ ಕೆಂಪಾಗುತ್ತದೆ. ನಿಮಗೆ ಅದು ಸರಿಯಾಗಿ ಬಂದಿದ್ದರೆ ಅಂಕಿಗಳನ್ನು ಬರೆದು ಕಳಿಸಿ. ಜೊತೆಗೆ ಯಾವ ಕ್ಯಾಮೆರಾ ಅಂತಲೂ ಹೇಳಿ.