ಹಾಲ್ಟ್ ಬಸ್ಸು, ಒಂದು ಫ್ಲಾಸ್ಕು

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮೂರು ತೀರ್ಥಹಳ್ಳಿ ಕಡೆಯದು. ರಾತ್ರಿ ಎಂಟೂವರೆಗೆ ಒಂದು ಕೆಂಪು ಬಸ್ಸು ಬರುತ್ತದೆ. ಅಲ್ಲಿಂದ ಮುಂದೆ ಬರೀ ತೋಟ, ಕಾಡು. ಹಾಗಾಗಿ ಬಸ್ಸು ಅಲ್ಲೇ ನಿಲ್ಲುತ್ತದೆ, ಡ್ರೈವರ್ ಮತ್ತು ಕಂಡಕ್ಟರ್ ಸೀಟಿನ ಮೇಲೇ ಮಲಗಿ, ಬೆಳಿಗ್ಗೆ ಆರಕ್ಕೆ ಅದೇ ಬಸ್ಸನ್ನು ವಾಪಸ್ ಹೊರಡಿಸುತ್ತಾರೆ. ಹಾಲ್ಟ್ ಬಸ್ಸು ಅನ್ನುತ್ತೇವೆ ನಾವು. ಉತ್ತರ ಕರ್ನಾಟಕದ ಕಡೆ ವಸ್ತಿ ಬಸ್ಸು.

ನಮ್ಮ ಅಪ್ಪನಿಗೆ ಸಕ್ಕರೆ ಕಾಯಿಲೆ. ಒಂದು ಮೇ ತಿಂಗಳಲ್ಲಿ ಮನೆಯಲ್ಲಿದ್ದ ಕೊನೆಯ ಇನ್ಸುಲಿನ್ ಬಾಟಲಿ ಕೈಜಾರಿ ಒಡೆದುಹೋಯಿತು. ಮೆಡಿಕಲ್ ಅಂಗಡಿಗೆ ಫೋನ್ ಮಾಡಿದೆವು. ಅವರು ಸಂಜೆ ಹೊಸ ಬಾಟಲಿಯನ್ನು ಐಸ್ ಜೊತೆ ಕವರಿಗೆ ಹಾಕಿ ಕಂಡಕ್ಟರ್ ಕೈಗೆ ಕೊಟ್ಟರು. ಅದೇ ಸಂಜೆ ಗಾಳಿಮಳೆ ಬಂತು. ದಾರಿಗೆ ಮರ ಬಿತ್ತು. ಬಸ್ಸು ಎರಡು ಗಂಟೆ ನಿಂತಲ್ಲೇ ನಿಂತಿತು, ಐಸ್ ಕರಗಿತು. ಕಂಡಕ್ಟರ್ ಏನು ಮಾಡಿದರು ಗೊತ್ತಾ? ತಮ್ಮ ಫ್ಲಾಸ್ಕಿನಲ್ಲಿದ್ದ ಟೀ ಚೆಲ್ಲಿ, ಮಳೆಯಲ್ಲೇ ಹಿಂದಕ್ಕೆ ನಡೆದು, ಒಂದು ಗೂಡಂಗಡಿಯ ಫ್ರಿಜ್ಜಿನಿಂದ ತಣ್ಣೀರು ತುಂಬಿಸಿಕೊಂಡು ಬಂದು, ಬಾಟಲಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅದರೊಳಗೆ ಇಟ್ಟರು. ಹತ್ತೂವರೆಗೆ ಟಾರ್ಚ್ ಹಿಡಿದು ನಮ್ಮ ಅಂಗಳಕ್ಕೇ ಬಂದರು. ಅಮ್ಮ ಊಟಕ್ಕೆ ಕರೆದರೆ, "ಬೇಡಮ್ಮಾ, ಕಲೆಕ್ಷನ್ ದುಡ್ಡು ಹೆಗಲಲ್ಲೇ ಇದೆ, ಜಾಸ್ತಿ ಹೊತ್ತು ಇರೋ ಹಾಗಿಲ್ಲ" ಅಂದು ಹೊರಟೇಬಿಟ್ಟರು. ಟಿಕೆಟ್ ಬ್ಯಾಗಿನ ಮೇಲೆ ಟವೆಲ್ ಸುತ್ತಿಕೊಂಡಿದ್ದರು, ತಲೆ ಮಾತ್ರ ಪೂರ್ತಿ ನೆನೆದಿತ್ತು.

ಆ ಬ್ಯಾಗಿನ ಬಗ್ಗೆ ಸ್ವಲ್ಪ ಹೇಳಬೇಕು. ಡಿಪೋದಲ್ಲಿ ಲೆಕ್ಕ ಒಪ್ಪಿಸುವಾಗ ಟಿಕೆಟ್ ಮೆಷಿನ್ ತೋರಿಸಿದ್ದಕ್ಕಿಂತ ಹತ್ತು ರೂಪಾಯಿ ಕಮ್ಮಿ ಬಂದರೂ ಕಂಡಕ್ಟರ್ ಜೇಬಿನಿಂದಲೇ ತುಂಬಬೇಕು. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದ ಮೇಲೆ ರಾಜ್ಯದ ಹೆಂಗಸರು ಈ ಬಸ್ಸುಗಳಲ್ಲಿ ದುಡ್ಡು ಕೊಡಬೇಕಿಲ್ಲ, ಆದರೆ ಶೂನ್ಯ ಟಿಕೆಟ್ ಕೊಡಲೇಬೇಕು. ತುಂಬಿದ ಬಸ್ಸಿನಲ್ಲಿ ಒಬ್ಬರ ಕೈಗೆ ಟಿಕೆಟ್ ತಲುಪದೆ ಇದ್ದಾಗ ಚೆಕಿಂಗ್‌ನವರು ಹತ್ತಿದರೆ ಕಂಡಕ್ಟರಿಗೇ ತೊಂದರೆ. ಇಷ್ಟರ ನಡುವೆಯೂ, ಹೂವಿನ ಬುಟ್ಟಿ ಹೊತ್ತು ಓಡಿ ಬರುತ್ತಿರುವ ಅಜ್ಜಿಯನ್ನು ಕಂಡು "ಹೋಲ್ಡಾನ್" ಅಂತ ಕೂಗುತ್ತಾರಲ್ಲ, ಆ ಒಂದು ನಿಮಿಷ ಅವರ ಟೈಮಿನಿಂದ ಹೋಗುವುದು. ನನಗೆ ದೊಡ್ಡದಾಗಿ ಕಾಣುವುದು ಅದೇ. ಬಿಡುವಿದ್ದವರು ಮಾಡುವ ಉಪಕಾರ ಬೇರೆ, ಇದು ಬೇರೆ.

ನಮ್ಮ ಅಂಚೆಯಣ್ಣನೂ ಹೀಗೇ. ಅವರು ಗ್ರಾಮೀಣ ಡಾಕ್ ಸೇವಕ, ಇಲಾಖೆಯ ಲೆಕ್ಕದಲ್ಲಿ ದಿನಕ್ಕೆ ನಾಲ್ಕೈದು ಗಂಟೆಯ ಕೆಲಸ. 2018ರಲ್ಲಿ ಅಂಚೆಯವರ ಪೇಮೆಂಟ್ಸ್ ಬ್ಯಾಂಕ್ ಶುರುವಾದ ಮೇಲೆ, ಹೆಬ್ಬೆಟ್ಟು ಒತ್ತಿಸಿಕೊಂಡು ಮನೆ ಬಾಗಿಲಲ್ಲೇ ಖಾತೆಯ ದುಡ್ಡು ಕೊಡುತ್ತಾರೆ. ಕೇಳಲು ಸುಲಭ. ಆದರೆ ನಮ್ಮ ಕೇರಿಯ ದೊಡ್ಡಮ್ಮ ಒಬ್ಬರು ನಲವತ್ತು ವರ್ಷ ಅಡಿಕೆ ಸುಲಿದವರು. ಬೆರಳಿನ ಗೆರೆಯೇ ಸವೆದುಹೋಗಿದೆ, ಮೆಷಿನ್ ಒಪ್ಪುವುದಿಲ್ಲ. ಅಂಚೆಯಣ್ಣ ಬಿಸಿನೀರು ತರಿಸಿ, ಅವರ ಕೈ ತೊಳೆಸಿ, ಒರೆಸಿ, ಒಂದೊಂದೇ ಬೆರಳು ಒತ್ತಿಸಿ ನೋಡುತ್ತಾರೆ. ಬೆರಳು ಒಪ್ಪಿದರೆ ನೆಟ್‌ವರ್ಕ್ ಇರುವುದಿಲ್ಲ! ಆಗ ದೊಡ್ಡಮ್ಮನನ್ನು ಬೈಕಿನಲ್ಲಿ ಕೂರಿಸಿಕೊಂಡು ಮೇಲಿನ ದಿಬ್ಬಕ್ಕೆ ಹೋಗುತ್ತಾರೆ. ಸಿಗ್ನಲ್ ಸಿಗುವುದು ಅಲ್ಲೇ. ದುಡ್ಡನ್ನು ಎರಡು ಸಲ ಜೋರಾಗಿ ಎಣಿಸಿ, ಸೆರಗಿಗೆ ಗಂಟು ಹಾಕಿಕೊಳ್ಳುವವರೆಗೆ ನಿಂತಿದ್ದು, ಮತ್ತೆ ಮನೆಗೆ ಬಿಟ್ಟು ಹೋಗುತ್ತಾರೆ. ಆ ಪೆಟ್ರೋಲು ಅವರದೇ.

ಬಸ್ಸು ತಡವಾದರೆ ನಾವು ಡಿಪೋಗೆ ಫೋನ್ ಮಾಡಿ ಕೂಗಾಡುತ್ತೇವೆ. ಒಳ್ಳೆಯದಾದಾಗ ಸುಮ್ನೆ ಇದ್ದುಬಿಡುತ್ತೇವೆ, ಅಲ್ವಾ? ನಾನೂ ಹಾಗೇ ಇದ್ದೆ. ಆ ಮೇ ತಿಂಗಳ ನಂತರ 50 ಪೈಸೆಯ ಒಂದು ಕಾರ್ಡ್ ತಂದು, ಬಸ್ಸಿನ ನಂಬರು, ತಾರೀಖು, ನಡೆದದ್ದು ಎಲ್ಲ ಬರೆದು ಡಿಪೋ ಮ್ಯಾನೇಜರ್ ಅವರಿಗೆ ಹಾಕಿದೆ. ನೀವೂ ಒಂದು ಬರೆಯಿರಿ, ಐದು ನಿಮಿಷದ ಕೆಲಸ.

ಅಂದ ಹಾಗೆ, ಮಾರನೆಯ ಬೆಳಿಗ್ಗೆ ಐದೂವರೆಗೆ ಅಮ್ಮ ಆ ಫ್ಲಾಸ್ಕನ್ನು ತೊಳೆದು, ಬೆಲ್ಲದ ಕಾಫಿ ತುಂಬಿಸಿ ನನ್ನ ಕೈಗೆ ಕೊಟ್ಟಳು. ಬಸ್ಸಿನ ಹತ್ತಿರ ಹೋದಾಗ ಕಂಡಕ್ಟರ್ ಒದ್ದೆ ಶರ್ಟನ್ನು ಕಿಟಕಿಯ ಕಂಬಿಗೆ ಒಣಹಾಕಿದ್ದರು. ನನ್ನನ್ನು ನೋಡಿ ಮೊದಲು ಕೇಳಿದ್ದು, "ಅಪ್ಪಂಗೆ ಹೆಂಗಿದೆ?"

ನಮಸ್ಕಾರ.